ಕರೆಂಟು ಮಾರುತಿಗೆ ಎಂಟು ಸೀಸದ ಬ್ಯಾಟರಿ: ಐದು ಮಳೆಗಾಲ ಕಳೆದ ಮೇಲೆ

ವಸ್ತು: ಗಾಲ್ಫ್ ಗಾಡಿಗಳಿಗೆಂದೇ ಮಾಡುವ 6 ವೋಲ್ಟ್, 225 ಎಎಚ್ (ಆಂಪಿಯರ್-ಅವರ್, ಎಷ್ಟು ಆಂಪಿಯರನ್ನು ಎಷ್ಟು ಗಂಟೆ ಕೊಡುತ್ತದೆ ಎಂಬ ಅಳತೆ), ನೀರು ಹಾಕುವ ಜಾತಿಯ ಲೆಡ್-ಆಸಿಡ್ ಬ್ಯಾಟರಿ, ಎಂಟು. ಕೂರಿಸಿದ್ದು ಎಂಜಿನ್ ಬಿಚ್ಚಿದ ಮಾರುತಿ 800ಕ್ಕೆ. ಓಡಿಸುವುದು ಶಿರಸಿ ಕಡೆಯ ನಮ್ಮ ಅಡಿಕೆ ತೋಟದಲ್ಲಿ, ಮನೆಯಿಂದ ತೋಟಕ್ಕೆ, ತೋಟದಿಂದ ಬೆಟ್ಟಕ್ಕೆ. ಗೊಬ್ಬರ, ಸೊಪ್ಪು, ಕೊಯ್ಲಿನ ಕಾಲದಲ್ಲಿ ಅಡಿಕೆ ಕೊನೆ, ನಡೆಯಲಾರದ ಅಪ್ಪಯ್ಯ, ಎಲ್ಲವೂ ಅದರಲ್ಲೇ. ಡಾಂಬರು ರಸ್ತೆಗೆ ಇಳಿಸುವುದಿಲ್ಲ. ಪೆಟ್ರೋಲ್ ಗಾಡಿಯನ್ನು ಎಲೆಕ್ಟ್ರಿಕ್ ಮಾಡಿ ಊರೊಳಗೆ ಓಡಿಸಬೇಕಾದರೆ ಪರೀಕ್ಷೆ ಪಾಸಾದ ಕಿಟ್ ಬೇಕು, ಆರ್‌ಟಿಒ ದಾಖಲೆಯಲ್ಲಿ ಬದಲಾವಣೆ ಆಗಬೇಕು. ಮನೆಯಲ್ಲಿ ಕಟ್ಟಿದ್ದಕ್ಕೆ ಅದು ಸಿಗುವ ಮಾತಲ್ಲ. ನೀವೂ ಕಟ್ಟುವವರಾದರೆ ಇದನ್ನು ಮೊದಲೇ ತಿಳಿದಿರಿ.

ಈಗ ಬ್ಯಾಟರಿ. ಮೈಮೇಲೆ ಬರೆದ ಎಎಚ್ ಸಂಖ್ಯೆ ನೋಡಿ ಕೊಂಡರೆ ಕಾರಿಗೆ ಸರಿಹೋಗುವುದಿಲ್ಲ. 225 ಎಂದರೆ 20 ಗಂಟೆಯ ಲೆಕ್ಕ: 11 ಆಂಪಿಯರ್ ಚಿಲ್ಲರೆ ನಿಧಾನಕ್ಕೆ ಎಳೆದರೆ 20 ಗಂಟೆ ಬರುತ್ತದೆ. ಕಾರು ಹಾಗೆ ಎಳೆಯುವುದಿಲ್ಲ. ನಮ್ಮ ಮಣ್ಣು ರಸ್ತೆಯ ಸಪಾಟು ಜಾಗದಲ್ಲಿ ಮೀಟರು 40 ಆಂಪಿಯರ್ ಆಸುಪಾಸು ತೋರಿಸುತ್ತದೆ; ಕಣಿವೆಯ ತೋಟದಿಂದ ಮನೆಯ ಅಂಗಳಕ್ಕೆ ಏರುವಾಗ 120 ದಾಟುತ್ತದೆ. ಜೋರಾಗಿ ಎಳೆದಷ್ಟೂ ಸೀಸದ ಬ್ಯಾಟರಿ ಒಟ್ಟಾರೆ ಕೊಡುವುದೇ ಕಡಿಮೆ. 1897ರಲ್ಲಿ ಪಾಯ್ಕರ್ಟ್ ಎಂಬ ಜರ್ಮನ್ ವಿಜ್ಞಾನಿ ಇದಕ್ಕೊಂದು ಸೂತ್ರವನ್ನೇ ಬರೆದಿಟ್ಟಿದ್ದಾನೆ. ಸೂತ್ರ ಬೇಡವೆಂದರೆ ಕಂಪನಿ ಕೊಡುವ ಅಳತೆಗಳ ಹಾಳೆ, ಅಂದರೆ ಡೇಟಾಶೀಟ್ ನೋಡಿ. ಈ ಅಳತೆಯ ಬ್ಯಾಟರಿಗಳಲ್ಲಿ ಎಲ್ಲರೂ ಹೋಲಿಸಿ ನೋಡುವುದು ಅಮೆರಿಕದ ಟ್ರೋಜನ್ ಟಿ-105. ಅದರದ್ದು 20 ಗಂಟೆಗೆ 225 ಎಎಚ್, 5 ಗಂಟೆಗೆ 185. 75 ಆಂಪಿಯರ್ ಎಳೆದರೆ 115 ನಿಮಿಷ, ಅಂದರೆ 144 ಎಎಚ್ ಹತ್ತಿರ. ನನ್ನದು ಬೇರೆ ಕಂಪನಿಯದು, ಆದರೆ ಕಥೆ ಅದೇ. ಅಂಗಡಿಯವರು ಈ 75 ಆಂಪಿಯರಿನ ನಿಮಿಷ ಹೇಳದಿದ್ದರೆ, ಡೇಟಾಶೀಟ್ ತೋರಿಸದಿದ್ದರೆ, ಆ ಅಂಗಡಿ ಬಿಟ್ಟುಬಿಡಿ.

ಪೇಟೆಯಲ್ಲಿ ಸುಲಭಕ್ಕೆ ಸಿಗುವುದು ಬೇರೆ ಮಾಲು. "ಹೆಗಡೇರೇ, ಲಾರಿ ಬ್ಯಾಟರಿ ನಾಲ್ಕು ಹಾಕಿ, ಯಾವ ಏರಾದ್ರೂ ಎಳೀತದೆ" ಎಂದು ಗ್ಯಾರೇಜಿನವ ಹೇಳಿದ. ಎಳೆಯುತ್ತದೆ, ಅದೂ ಸುಳ್ಳಲ್ಲ. ಸ್ಟಾರ್ಟರ್ ತಿರುಗಿಸಲು ಕೆಲವೇ ಕ್ಷಣ ನೂರಾರು ಆಂಪಿಯರ್ ಬೇಕೆಂದು ಅದರೊಳಗೆ ತೆಳುವಾದ ಪ್ಲೇಟುಗಳನ್ನು ಒತ್ತೊತ್ತಾಗಿ ಜೋಡಿಸಿರುತ್ತಾರೆ. ಆದರೆ ದಿನಾ ಅರ್ಧಕ್ಕೆ ಇಳಿಸಿ ತುಂಬಿಸುತ್ತ ಹೋದರೆ ಪ್ಲೇಟಿನ ಪೇಸ್ಟ್ ಉದುರಿ ತಳ ಸೇರುತ್ತದೆ. ಒಂದು ಕೊಯ್ಲು ಮುಗಿಯುವ ಮೊದಲೇ ಅದರ ಕಥೆ ಮುಗಿಯುತ್ತದೆ.

ಇನ್ವರ್ಟರಿನ ಟಾಲ್ ಟ್ಯೂಬುಲರ್ ಬಗ್ಗೆ ನನಗೆ ಗೌರವವಿದೆ. ಪಾಸಿಟಿವ್ ಪ್ಲೇಟಿನ ಪುಡಿಯನ್ನು ಬಟ್ಟೆಯ ಕೊಳವೆಯೊಳಗೆ ತುಂಬಿರುವುದರಿಂದ ಉದುರುವುದು ಕಡಿಮೆ, ಆಯುಷ್ಯ ಜಾಸ್ತಿ. ಫ್ಯಾನು, ಲೈಟು, ಟಿವಿಗೆ ಅದನ್ನು ಮೀರಿಸಿದ್ದಿಲ್ಲ. ಮನೆಯದ್ದನ್ನೂ ಅಣ್ಣನ ಮನೆಯದ್ದನ್ನೂ ಎತ್ತಿ ತಂದು ನಾಲ್ಕು ಜೋಡಿಸಿ ಓಡಿಸಿ ನೋಡಿದೆ: ಸಪಾಟಿನಲ್ಲಿ ಸುಖ, ಏರಿನಲ್ಲಿ ವೋಲ್ಟೇಜು ಕುಸಿದು, ಮೋಟಾರಿಗೆ ಕರೆಂಟು ಅಳೆದು ಕೊಡುವ ಕಂಟ್ರೋಲರ್ ಕೈಬಿಟ್ಟಿತು. ಮೇಲಾಗಿ ಅದರ ಎತ್ತರಕ್ಕೆ ಮಾರುತಿಯ ಬಾನೆಟ್ ಮುಚ್ಚುವುದಿಲ್ಲ. ಇ-ರಿಕ್ಷಾದ 12 ವೋಲ್ಟಿನ ಬ್ಯಾಟರಿ ಅಗ್ಗ, ಎಲ್ಲೆಡೆ ಸಿಗುತ್ತದೆ. ನಮ್ಮಷ್ಟು ಏರಿಲ್ಲದ ಬಯಲುಸೀಮೆಯ ಹೊಲಕ್ಕಾದರೆ ನಾನೂ ಅದನ್ನೇ ಹೇಳುತ್ತಿದ್ದೆ. ವಾರಂಟಿ ಎಷ್ಟು ತಿಂಗಳು ಎಂದು ಕೇಳಿದರೆ ಅದರ ಆಯುಷ್ಯದ ಅಂದಾಜು ಸಿಕ್ಕಿಬಿಡುತ್ತದೆ. ಬೆಂಗಳೂರಿನ ಆಫೀಸುಗಳ ಯುಪಿಎಸ್‌ನಿಂದ ತೆಗೆದ ಸೀಲ್ಡ್ ಬ್ಯಾಟರಿಗಳು ಸೆಕೆಂಡ್‌ಹ್ಯಾಂಡ್ ಸಿಗುತ್ತವೆ, ನೋಡಲು ಹೊಸದರಂತೆ ಇರುತ್ತವೆ. ಅಲ್ಲಿ ತೆಗೆದು ಹಾಕಿದ್ದೇ ಅವುಗಳ ಕೆಲಸ ಮುಗಿದಿದ್ದಕ್ಕೆ. ಸೀಲ್ ಮಾಡಿದ್ದರಲ್ಲಿ ಆಸಿಡ್ಡಿನ ಗಟ್ಟಿತನ ಅಳೆಯುವ ಹೈಡ್ರೋಮೀಟರ್ ಇಳಿಸಲಾಗುವುದಿಲ್ಲ, ಹೆಚ್ಚು ಚಾರ್ಜಾಗಿ ನೀರು ಆರಿದರೆ ತಿರುಗಿ ಹಾಕಲೂ ಆಗುವುದಿಲ್ಲ. ಒಳಗೇನಾಗಿದೆ ಎಂದು ಕಾಣದ ಬ್ಯಾಟರಿಯನ್ನು ಕಾರಿಗೆ ಹಾಕುವ ಧೈರ್ಯ ನನಗಿಲ್ಲ.

ಹಾಗೆ ಉಳಿದದ್ದು 6 ವೋಲ್ಟಿನದು. ರೆಸಾರ್ಟುಗಳ ಬಗ್ಗಿಗಳಿಗೆ ಬಿಡಿಭಾಗ ಒದಗಿಸುವವರ ಬಳಿ ಸಿಗುತ್ತದೆ. ಒಂದು ಡಬ್ಬಿಯಲ್ಲಿ ಮೂರೇ ಸೆಲ್ಲು, ಅಂದರೆ ತಲಾ 2 ವೋಲ್ಟಿನ ಕೋಣೆ. ಆದ್ದರಿಂದ ಅದೇ ತೂಕದಲ್ಲಿ ಪ್ಲೇಟು ದಪ್ಪ. ಎಂಟನ್ನೂ ಒಂದೇ ಸಾಲಿನಲ್ಲಿ ಸೀರೀಸ್ ಜೋಡಿಸಿದರೆ 48 ವೋಲ್ಟ್. ಪ್ಯಾರಲಲ್ ಜೋಡಣೆಯ ತಂಟೆಯೇ ಇಲ್ಲ, ಒಂದು ಸಾಲು ಇನ್ನೊಂದನ್ನು ಹೀರುವ ರಗಳೆಯೂ ಇಲ್ಲ. ಇದು ನನ್ನ ತಲೆಯಿಂದ ಹುಟ್ಟಿದ್ದಲ್ಲ. 2001ರಲ್ಲಿ ಬೆಂಗಳೂರಿನಲ್ಲಿ ರಸ್ತೆಗಿಳಿದು, ಆಮೇಲೆ ಲಂಡನ್ನಿನಲ್ಲಿ ಜಿ-ವಿಜ್ ಎಂಬ ಹೆಸರಲ್ಲಿ ಓಡಾಡಿದ ರೇವಾ ಕಾರಿನ ಹೊಟ್ಟೆಯಲ್ಲಿದ್ದದ್ದೂ 6 ವೋಲ್ಟಿನ ಎಂಟು ಬ್ಯಾಟರಿಯೇ, 200 ಎಎಚ್‌ನದು.

ತೂಕದ ಮಾತು. ಒಂದಕ್ಕೆ 28 ಕಿಲೋ, ಎಂಟಕ್ಕೆ 224. ಮಾರುತಿಯೇ 650 ಕಿಲೋದ ಗಾಡಿ. ನಾಲ್ಕು ಬಾನೆಟ್ಟಿನೊಳಗೆ, ನಾಲ್ಕು ಹಿಂದಿನ ಸೀಟಿನ ಜಾಗದಲ್ಲಿ. ಹಿಂದಿನ ಸ್ಪ್ರಿಂಗ್ ಬದಲಿಸಲೇಬೇಕು. ಬ್ಯಾಟರಿ ಡಬ್ಬಿಯನ್ನು ಪಟ್ಟಿ ಹಾಕಿ ಬೋಲ್ಟ್ ಮಾಡಿ. ಬ್ರೇಕ್ ಹಾಕಿದಾಗ ಆಸಿಡ್ ತುಂಬಿದ ನೂರು ಕಿಲೋ ಸೀಸ ಬೆನ್ನಿಗೆ ಬರಬಾರದು. ಕೇಬಲ್ 50 ಚದರ ಮಿಮೀ, ಅದರ ತುದಿಗೆ ಕೂರಿಸುವ ಲಗ್ಗನ್ನು ಪ್ರೆಸ್ಸಿನಲ್ಲೇ ಒತ್ತಿಸಿ, ಸುತ್ತಿಗೆಯಿಂದ ಬಡಿಯುವುದು ಬೇಡ. ಮುಂದಿನ ಮತ್ತು ಹಿಂದಿನ ನಾಲ್ಕರ ಮಧ್ಯೆ ಒಂದು ಫ್ಯೂಸ್. ಸ್ಪ್ಯಾನರಿನ ಹಿಡಿಗೆ ಇನ್ಸುಲೇಶನ್ ಟೇಪ್ ಸುತ್ತಿಡಿ. 48 ವೋಲ್ಟ್ ಶಾಕ್ ಹೊಡೆಯುವುದು ಕಡಿಮೆ ಎಂದು ಹಗುರವಾಗಿ ನೋಡುವವರಿದ್ದಾರೆ. ಸ್ಪ್ಯಾನರ್ ಎರಡು ಟರ್ಮಿನಲ್ಲಿಗೆ ಅಡ್ಡ ಬಿದ್ದರೆ ಹರಿಯುವುದು ಸಾವಿರ ಆಂಪಿಯರ್ ಮೇಲೆ, ಕಬ್ಬಿಣವೇ ಕರಗುತ್ತದೆ.

ಇಷ್ಟು ವರ್ಷ ಬಳಸಿದ ಮೇಲೆ ನನಗಾದ ಒಂದೇ ದೊಡ್ಡ ತಿಳಿವಳಿಕೆ: ಬ್ಯಾಟರಿಯ ಆಯುಷ್ಯ ಚಾರ್ಜರಿನ ಕೈಯಲ್ಲಿದೆ. ನಮ್ಮ ಕಡೆ ಸಂಜೆ ಪಂಪು, ಲೈಟು ಎಲ್ಲ ಶುರುವಾದಾಗ ವೋಲ್ಟೇಜು 180ಕ್ಕೆ ಇಳಿಯುತ್ತದೆ, ಮಧ್ಯರಾತ್ರಿ 250ಕ್ಕೆ ಏರುತ್ತದೆ. ಅಂಗಡಿಯವರು ಮೊದಲು ತೋರಿಸಿದ್ದು ಟ್ರಾನ್ಸ್‌ಫಾರ್ಮರ್ ಇರುವ ಭಾರದ ಚಾರ್ಜರು, "ನೂರು ವರ್ಷ ಬಾಳಿಕೆ". ಅದು ಬಾಳುತ್ತದೆ, ಬ್ಯಾಟರಿ ಬಾಳುವುದಿಲ್ಲ. ಒಳಬರುವ ವೋಲ್ಟೇಜು ಇಳಿದಷ್ಟೇ ಪಾಲು ಹೊರಹೋಗುವುದೂ ಇಳಿಯುತ್ತದೆ. ಸಂಜೆಯಿಡೀ ಬ್ಯಾಟರಿಗೆ ಹನಿಯೂ ಇಳಿಯುವುದಿಲ್ಲ, ರಾತ್ರಿ ಎರಡು ಗಂಟೆಗೆ ಕುದಿಸಿಬಿಡುತ್ತದೆ. ನಾನು ತಂದದ್ದು ಎಸ್‌ಎಂಪಿಎಸ್ ಜಾತಿಯ 25 ಆಂಪಿಯರಿನದು, 170ರಿಂದ 260 ವೋಲ್ಟಿನ ನಡುವೆ ಎಷ್ಟು ಬಂದರೂ ಹೊರಗೆ ಒಂದೇ ಸಮ ಕೊಡುತ್ತದೆ. ಮನೆಯ 15 ಆಂಪಿಯರ್ ಪ್ಲಗ್ ಸಾಕು.

ಕೊಳ್ಳುವಾಗ ಸೆಟ್ಟಿಂಗ್ ಬದಲಿಸಲು ಬರುವುದೇ ಎಂದು ಕೇಳಿ. ನನ್ನದು ಸೆಲ್ಲಿಗೆ 2.45ರಂತೆ 24 ಸೆಲ್ಲಿಗೆ 58.8 ವೋಲ್ಟಿಗೆ ಏರಿ, ಕರೆಂಟು ತಾನಾಗಿ ಇಳಿಯುವವರೆಗೆ ಅಲ್ಲೇ ನಿಂತು, ಆಮೇಲೆ 54ಕ್ಕೆ ಇಳಿಯುತ್ತದೆ. ಈ ಲೆಕ್ಕ 25 ಡಿಗ್ರಿಗೆ. ಬ್ಯಾಟರಿ ಮೈ 35 ಡಿಗ್ರಿ ಇದ್ದರೆ 1.2 ವೋಲ್ಟ್ ಕಡಿಮೆ, ಪುಷ್ಯದ ಬೆಳಗಿನ 15 ಡಿಗ್ರಿಗೆ ಅಷ್ಟೇ ಜಾಸ್ತಿ ಬೇಕು. ಒಳ್ಳೆ ಚಾರ್ಜರಿಗೆ ಇದಕ್ಕೊಂದು ಸೆನ್ಸರ್ ತಂತಿ ಇರುತ್ತದೆ, ಬ್ಯಾಟರಿ ಮೈಗೆ ಅಂಟಿಸಬೇಕು. ಬಹಳ ಜನ ಅದನ್ನು ಪೆಟ್ಟಿಗೆಯಲ್ಲೇ ಬಿಟ್ಟಿರುತ್ತಾರೆ. ಎರಡೇ ತಾಸು ಹಾಕಿ ಕಿತ್ತು ಓಡಿಸುವ ಅಭ್ಯಾಸವೂ ಒಳ್ಳೆಯದಲ್ಲ: ಕೊನೆಯ ಐದನೇ ಒಂದು ಭಾಗ ತುಂಬಲು ಮೊದಲಿನಷ್ಟೇ ಹೊತ್ತು ಹಿಡಿಯುತ್ತದೆ, ಆದರೆ ಬ್ಯಾಟರಿ ಇಳಿಯುವಾಗ ಪ್ಲೇಟಿನ ಮೇಲೆ ಕೂರುವ ಸಲ್ಫೇಟ್ ಕರಗುವುದು ಅಲ್ಲೇ.

ಹೈಡ್ರೋಮೀಟರ್ ಕೆಲವೇ ನೂರು ರೂಪಾಯಿಯದು, ನಾನು ತಂದ ಸಾಮಾನಿನಲ್ಲೆಲ್ಲ ಹೆಚ್ಚು ಲಾಭ ಕೊಟ್ಟದ್ದು ಅದೇ. ಪೂರ್ತಿ ಚಾರ್ಜಾಗಿ ಸ್ವಲ್ಪ ಹೊತ್ತು ತಣ್ಣಗಾದ ಮೇಲೆ 24 ಸೆಲ್ಲಿನದ್ದೂ ಓದಿ ಗೋಡೆಯ ಕ್ಯಾಲೆಂಡರಿನಲ್ಲಿ ಬರೆಯುತ್ತೇನೆ. ಈ ಬ್ಯಾಟರಿ ತುಂಬಿದಾಗ ಗ್ರಾವಿಟಿ, ಅಂದರೆ ನೀರಿಗೆ ಹೋಲಿಸಿದ ಆಸಿಡ್ಡಿನ ಸಾಂದ್ರತೆ, 1.275ರ ಸುತ್ತ ತೋರಿಸಬೇಕು. ಇನ್ವರ್ಟರಿನದ್ದು ಬಿಸಿ ಊರಿಗೆಂದು 1.240ಕ್ಕೇ ಮಾಡಿರುತ್ತಾರೆ, ಎರಡನ್ನೂ ಹೋಲಿಸಿ ಗಾಬರಿ ಬೀಳಬೇಡಿ. ನೋಡಬೇಕಾದದ್ದು ಸಂಖ್ಯೆಗಿಂತ ಅಂತರ. ಒಂದು ಸೆಲ್ಲು ಉಳಿದವಕ್ಕಿಂತ 0.030 ಹಿಂದೆ ಬಿತ್ತೆಂದರೆ ಈಕ್ವಲೈಸ್ ಮಾಡುವ ಹೊತ್ತು: ಚಾರ್ಜು ತುಂಬಿದ ಮೇಲೂ ಸಣ್ಣ ಕರೆಂಟಿನಲ್ಲಿ 62 ವೋಲ್ಟ್ ಮೇಲಕ್ಕೆ ಒಯ್ದು, ಗಂಟೆಗೊಮ್ಮೆ ಗ್ರಾವಿಟಿ ಓದಿ, ಏರುವುದು ನಿಂತಾಗ ನಿಲ್ಲಿಸುವುದು. ಇದರಿಂದ ತಳದಲ್ಲಿ ಕೂತ ಗಟ್ಟಿ ಆಸಿಡ್ ಗುಳ್ಳೆಗಳ ಜೊತೆ ಎದ್ದು ಬೆರೆಯುತ್ತದೆ. ಕಲಕದ ಕಾಫಿಯಲ್ಲಿ ಸಕ್ಕರೆ ತಳದಲ್ಲೇ ಉಳಿದ ಹಾಗೆ, ಆಸಿಡ್ಡೂ ಬಿಟ್ಟರೆ ಕೆಳಗೇ ನಿಲ್ಲುತ್ತದೆ. ಈ ಹೊತ್ತಿನಲ್ಲಿ ಹೈಡ್ರೋಜನ್ ಬಹಳ ಹೊರಡುತ್ತದೆ. ಗಾಳಿಯಲ್ಲಿ ಅದು ನೂರಕ್ಕೆ ನಾಲ್ಕು ಭಾಗವಾದರೆ ಕಿಡಿ ಸಾಕು. ನಾವು ಕಾರನ್ನು ಕೊಟ್ಟಿಗೆಯ ತೆರೆದ ಬದಿಗೆ ನಿಲ್ಲಿಸಿ, ಬಾನೆಟ್ ಎತ್ತಿ ಹಾಕುತ್ತೇವೆ. ಆ ಕಡೆ ಬೀಡಿ ಸೇದಲು ಯಾರನ್ನೂ ಬಿಡುವುದಿಲ್ಲ, ಎಷ್ಟು ಸಿಟ್ಟಾದರೂ.

ನೀರು ಚಾರ್ಜಾದ ಮೇಲೆ ಹಾಕಬೇಕು. ಮೊದಲೇ ತುಂಬಿಸಿದರೆ ಚಾರ್ಜಾಗುವಾಗ ಉಬ್ಬಿ ಆಸಿಡ್ ಹೊರ ಚೆಲ್ಲುತ್ತದೆ, ಬಾನೆಟ್ಟಿನ ತಗಡು ತಿನ್ನುತ್ತದೆ. ಪ್ಲೇಟು ಬರಿದಾಗಿ ಕಾಣುತ್ತಿದ್ದರೆ ಮಾತ್ರ ಮುಳುಗುವಷ್ಟು ಮೊದಲೇ ಹಾಕಿ. ಡಿಸ್ಟಿಲ್ಡ್ ವಾಟರ್ ಬಿಟ್ಟು ಬೇರೆ ಬೇಡ. ನಮ್ಮ ಕಡೆ ಬಾವಿ, ಬೋರಿನ ನೀರಿನಲ್ಲಿ ಕಬ್ಬಿಣದ ಅಂಶ ಇರುತ್ತದೆ. ಬಟ್ಟೆಗೆ ಹತ್ತುವ ಕೆಂಪು ಕಲೆಯೇ ಸಾಕ್ಷಿ. ಆ ಕಬ್ಬಿಣ ಒಳಗೆ ಹೋದರೆ ಬ್ಯಾಟರಿ ನಿಂತಲ್ಲೇ ಇಳಿಯುತ್ತದೆ. ಗ್ರಾವಿಟಿ ಕಡಿಮೆ ಬಂತೆಂದು ಆಸಿಡ್ ಸುರಿಯುವ ಮಹಾನುಭಾವರೂ ಇದ್ದಾರೆ. ಆಸಿಡ್ ಎಲ್ಲೂ ಹೋಗಿರುವುದಿಲ್ಲ, ಸಲ್ಫೇಟಾಗಿ ಪ್ಲೇಟಿಗೆ ಅಂಟಿರುತ್ತದೆ.

ಎಂಟರಲ್ಲಿ ಒಂದು ನನ್ನದೂ ಕೈಕೊಟ್ಟಿತು. ಎರಡನೇ ಬೇಸಿಗೆಯಲ್ಲಿ, ಹಿಂದಿನ ಸಾಲಿನ ಒಂದರ ನಡುವಿನ ಸೆಲ್ಲು ಎಷ್ಟು ಈಕ್ವಲೈಸ್ ಮಾಡಿದರೂ 1.230 ದಾಟಲಿಲ್ಲ. ಸೀರೀಸಿನಲ್ಲಿ ಇಂಥದ್ದನ್ನು ಹಾಗೇ ಬಿಡಬಾರದು. ಉಳಿದ 23 ಇನ್ನೂ ಗಟ್ಟಿ ಇರುವಾಗ ಅದು ಮೊದಲು ಬರಿದಾಗುತ್ತದೆ, ಬರಿದಾದ ಮೇಲೂ ಅದರ ಮೂಲಕ ಕರೆಂಟು ಹರಿದು ಉಲ್ಟಾ ಚಾರ್ಜಾಗುತ್ತದೆ. ಡೀಲರ್ ವಾರಂಟಿಯಲ್ಲಿ ಬದಲಿಸಿಕೊಟ್ಟರು, ಬಹಳ ಎಳೆದಾಡಿದ ಮೇಲೆ. ಕ್ಯಾಲೆಂಡರಿನ ಹಾಳೆಗಳ ಫೋಟೋ ಇಲ್ಲದಿದ್ದರೆ ಕೊಡುತ್ತಿರಲಿಲ್ಲ. ಸೆಟ್ಟು ಹಳೆಯದಾದ ಮೇಲೆ ಹೀಗೆ ಒಂದು ಹೊಸದು ಸೇರಿಸಿದರೆ ಚಾರ್ಜು ಏರುಪೇರಾಗುತ್ತದೆ. ಆಗ ಅದೇ ವಯಸ್ಸಿನ, ಪರೀಕ್ಷೆ ಮಾಡಿದ ಹಳೆಯದನ್ನೇ ಹುಡುಕುವುದು ವಾಸಿ.

ಮಳೆಗಾಲವೇ ಇದಕ್ಕೆ ನಿಜವಾದ ಸತ್ವಪರೀಕ್ಷೆ. ಜೂನ್‌ನಿಂದ ಆಗಸ್ಟ್‌ವರೆಗೆ ತೋಟದ ದಾರಿ ಕೆಸರು, ಗಾಡಿ ನಿಂತಲ್ಲೇ. ನಿಂತ ಬ್ಯಾಟರಿ ತಾನಾಗಿ ಇಳಿಯುತ್ತದೆ, ಅರೆಬರೆ ಇಳಿದು ಹಾಗೇ ಉಳಿದರೆ ಸಲ್ಫೇಟ್ ಹರಳು ಗಟ್ಟಿಯಾಗಿ ಮತ್ತೆ ಕರಗುವುದಿಲ್ಲ. ಅದೇ ಹೊತ್ತಿಗೆ ಮರ ಬಿದ್ದು ಕರೆಂಟು ದಿನಗಟ್ಟಲೆ ಇಲ್ಲ. ಆದ್ದರಿಂದ ಮಿರಗದ ಮಳೆಗೆ ಮೊದಲೇ ಪೂರ್ತಿ ತುಂಬಿಸಿ, ದೀಪ, ಹಾರ್ನಿಗೆ 48 ವೋಲ್ಟನ್ನು 12ಕ್ಕೆ ಇಳಿಸುವ ಡಿಸಿ-ಡಿಸಿ ಕನ್ವರ್ಟರ್ ಸಹಿತ ಎಲ್ಲವನ್ನೂ ಮೇನ್ ಸ್ವಿಚ್ಚಿನಲ್ಲಿ ಕತ್ತರಿಸಿ, ಕರೆಂಟು ಸಿಕ್ಕಿದಾಗ ತಿಂಗಳಿಗೊಮ್ಮೆಯಾದರೂ ಚಾರ್ಜ್ ಹಾಕುತ್ತೇನೆ. ವಿಶ್ರಾಂತಿಯಲ್ಲಿರುವಾಗ ಪ್ಯಾಕ್ 50.9 ವೋಲ್ಟ್ ಇದ್ದರೆ ಪೂರ್ತಿ, 48.4 ಎಂದರೆ ಅರ್ಧ. ಅರ್ಧದ ಹತ್ತಿರ ಬಂದರೆ ಜನರೇಟರಾದರೂ ತರಿಸುತ್ತೇನೆ. ಟರ್ಮಿನಲ್ಲಿನ ಹಸಿರು-ಬಿಳಿ ಪುಡಿಯನ್ನು ಅಡುಗೆ ಸೋಡಾ ಕದಡಿದ ಬಿಸಿನೀರಿನಲ್ಲಿ ತೊಳೆದು ವ್ಯಾಸಲೀನ್ ಹಚ್ಚಬೇಕು. ಇಲಿಗಳಿಗೆ ಸೆನ್ಸರ್ ತಂತಿ ಬಲು ಇಷ್ಟ, ಅದಕ್ಕೆ ನನ್ನ ಹತ್ತಿರ ಮದ್ದಿಲ್ಲ.

ಐದು ಮಳೆಗಾಲದ ನಂತರ ಹೇಗಿದೆ? ಹೊಸದರಲ್ಲಿ ಹೋಗುತ್ತಿದ್ದ ದೂರದ ಮುಕ್ಕಾಲು ಪಾಲು ಈಗಲೂ ಹೋಗುತ್ತದೆ. ಏರಿನಲ್ಲಿ ಮೊದಲು 45ರ ಕೆಳಗೆ ಇಳಿಯದಿದ್ದ ವೋಲ್ಟೇಜು ಈಗ 43 ತೋರಿಸುತ್ತದೆ. ನೀರು ಜಾಸ್ತಿ ಕುಡಿಯುತ್ತಿದೆ, ವಯಸ್ಸಿನ ಲಕ್ಷಣ. ಇನ್ನೊಂದು ಕೊಯ್ಲು ದಾಟುತ್ತದೆ.

ಮತ್ತೆ ಸೀಸವೇ ತರುತ್ತೇನೆಯೇ ಎಂದು ಕೇಳುವವರಿಗೆ: ಅರ್ಧಕ್ಕಿಂತ ಕೆಳಗೆ ಇಳಿಸಬಾರದೆಂಬ ನಿಯಮ ಪಾಲಿಸಿದರೆ ನನ್ನ 224 ಕಿಲೋ ಕೊಡುವುದು, 45 ಕಿಲೋ ತೂಗುವ 100 ಎಎಚ್ ಲಿಥಿಯಂ ಫಾಸ್ಫೇಟ್ ಪ್ಯಾಕ್ ಕೊಡುವಷ್ಟೇ. ಆ ಪ್ಯಾಕ್ ನೀರು ಕೇಳುವುದಿಲ್ಲ, ಮಳೆಗಾಲದಲ್ಲಿ ಅರೆಬರೆ ನಿಂತರೂ ಕೆಡುವುದಿಲ್ಲ. ದಿನಾ ದೂರ ಓಡಿಸುವವರು, ಹೈಡ್ರೋಮೀಟರ್ ಹಿಡಿಯುವ ತಾಳ್ಮೆ ಇಲ್ಲದವರು ಅದಕ್ಕೇ ಹೋಗಿ. ನನಗೆ ಸೀಸ ಒಗ್ಗಿದ್ದು ಬೇರೆ ಕಾರಣಕ್ಕೆ: ಕೆಟ್ಟರೆ ಯಾವ ಸೆಲ್ಲು ಎಂದು ನಾನೇ ಹುಡುಕಬಲ್ಲೆ, ಸೆಲ್ಲುಗಳನ್ನು ಕಾಯುವ ಎಲೆಕ್ಟ್ರಾನಿಕ್ ಬೋರ್ಡು (ಬಿಎಂಎಸ್) ಸುಟ್ಟಿತೆಂದು ಇಡೀ ಪ್ಯಾಕನ್ನು ಹುಬ್ಬಳ್ಳಿಗೆ ಕಳಿಸಿ ಕಾಯಬೇಕಿಲ್ಲ. ಸುತ್ತಾಟ ಚಿಕ್ಕದಾಗಿದ್ದು ಕಾರು ದಿನವೂ ಮನೆಗೇ ಬಂದು ನಿಲ್ಲುವುದಾದರೆ ಐದರಲ್ಲಿ ಮೂರೂವರೆ ನಕ್ಷತ್ರ. ಚಾರ್ಜರಿಗೆ ನಾಲ್ಕೂವರೆ.

ಹಳೆಯದಕ್ಕೆ ಒಳ್ಳೆ ಗುಜರಿ ಬೆಲೆ ಇದೆ, ಕಿಲೋ ಲೆಕ್ಕ. ಹೊಸದು ಕೊಳ್ಳುವಾಗ ಎಕ್ಸ್‌ಚೇಂಜಿಗೆ ಕೊಡುವ ದರವನ್ನೂ ಗುಜರಿ ದರವನ್ನೂ ಎರಡು ಕಡೆ ಕೇಳಿ ನೋಡಿ, ಎಂಟಕ್ಕೆ ಸೇರಿ ವ್ಯತ್ಯಾಸ ಸಣ್ಣದಲ್ಲ. "ಆಸಿಡ್ ಚೆಲ್ಲಿ ತನ್ನಿ, ತೂಕ ಸರಿಯಾಗಿ ಸಿಗ್ತದೆ" ಎನ್ನುವವರಿಗೆ ಕೊಡಬೇಡಿ. ಆ ಆಸಿಡ್ಡಿನಲ್ಲಿ ಸೀಸ ಇರುತ್ತದೆ, ಚೆಲ್ಲುವುದು ನಿಮ್ಮದೇ ತೋಟದ ಕಾಲುವೆಗೆ. 2022ರ ಬ್ಯಾಟರಿ ತ್ಯಾಜ್ಯ ನಿಯಮದ ಪ್ರಕಾರ ಹಳೆಯದನ್ನು ವಾಪಸ್ ಸಂಗ್ರಹಿಸುವ ಹೊಣೆ ತಯಾರಕರದ್ದು. ತುಂಬಿದ ಬ್ಯಾಟರಿಯನ್ನು ಹಾಗೇ ತೂಗಿ ಒಯ್ಯುವ ಡೀಲರನ್ನು ಕೊಳ್ಳುವ ದಿನವೇ ಮಾತಾಡಿಟ್ಟುಕೊಂಡರೆ ಆಮೇಲೆ ಹುಡುಕಾಟವಿಲ್ಲ.