ಬ್ರಶ್ಶೋ ಬ್ಲೋವರೋ, ಮುಂದಿನ ಜ್ಯಾಕೋ ಹಿಂದಿನದೋ

ಅಪ್ಪ ಬಿಟ್ಟುಹೋದ ತಾಳಮದ್ದಳೆ ಕ್ಯಾಸೆಟ್‌ಗಳನ್ನು ಕಂಪ್ಯೂಟರಿಗೆ ಇಳಿಸಲು ಕೂತದ್ದು ಕಳೆದ ಏಪ್ರಿಲಿನಲ್ಲಿ. ಒಟ್ಟು 46 ಕ್ಯಾಸೆಟ್. ಕೆಲವದರಲ್ಲಿ ಶೇಣಿ ಗೋಪಾಲಕೃಷ್ಣ ಭಟ್ಟರ ಅರ್ಥ, ಅಂದರೆ ಪಾತ್ರವಾಗಿ ಆಡುವ ಮಾತು, ಇದೆ. ಮೊದಲನೆಯದನ್ನು ಹಾಕಿ ಹೆಡ್‌ಫೋನಿನಲ್ಲಿ ಕೇಳಿದರೆ ಭಾಗವತರ ಪದದ (ಹಾಡಿನ) ಹಿಂದೆ ಒಂದೇ ಸಮನೆ ಗುಂಯ್ ಎನ್ನುವ ಸದ್ದು. ನಡುನಡುವೆ ಚಟಚಟ. ಹತ್ತು ನಿಮಿಷ ಕಳೆದ ಮೇಲೆ ಮಾತೇ ತುಂಡುತುಂಡು. ಕ್ಯಾಸೆಟ್ ಹಾಳಾಯಿತು ಅಂತ ಎದೆ ಧಸಕ್ಕೆಂದಿತು. ಅದನ್ನೇ ಟೇಪ್ ರೆಕಾರ್ಡರಿನ ಸ್ಪೀಕರಿನಲ್ಲಿ ಕೇಳಿದೆ. ಸ್ವರ ಚೊಕ್ಕ ಇತ್ತು. ತೊಂದರೆ ಕಂಪ್ಯೂಟರಿನ ಕಡೆಯದ್ದು.

ನಮ್ಮ ಮನೆ ಕಾಸರಗೋಡು ಕಡೆಯ ಬದಿಯಡ್ಕದ ಹತ್ತಿರ. ಅಂಗಳದಲ್ಲಿ ಅಡಿಕೆ ಒಣಗುತ್ತದೆ, ಚಾವಡಿಯಲ್ಲಿ ಸುಲಿಯುತ್ತಾರೆ. ಆ ಚಾವಡಿಯ ಮೂಲೆಯಲ್ಲೇ, ನೆಲದ ಮೇಲೆ, ಕಂಪ್ಯೂಟರಿನ ಕ್ಯಾಬಿನೆಟ್. ಬದಿಯ ತಗಡು ಬಿಚ್ಚಿ ನೋಡಿದರೆ ಪ್ರೊಸೆಸರ್ ಫ್ಯಾನಿನ ಕೆಳಗೆ ಬಿಸಿ ಹೀರಿಕೊಳ್ಳುವ ಲೋಹದ ಹೀಟ್‌ಸಿಂಕ್ ಕಾಣುವುದೇ ಇಲ್ಲ. ಧೂಳು ಹಳೆ ಕಂಬಳಿಯ ತುಂಡಿನ ಹಾಗೆ ಹೆಪ್ಪುಗಟ್ಟಿತ್ತು. ಚಿಮಟದಲ್ಲಿ ಹಿಡಿದು ಎಳೆದರೆ ಒಂದೇ ಪದರವಾಗಿ ಎದ್ದು ಬಂತು. ಅದರೊಳಗೆ ಅಡಿಕೆ ಸಿಪ್ಪೆಯ ನಾರು ಹೆಣೆದುಕೊಂಡಿತ್ತು. ಫ್ಯಾನಿನ ಅಲಗುಗಳ ಅಂಚಿಗೆ ಮುರಕಲ್ಲಿನ ಕೆಂಪು ಹುಡಿ, ಮೂಲೆಯಲ್ಲಿ ಎರಡು ಹಲ್ಲಿ ಮೊಟ್ಟೆ.

ಧೂಳು ತೆಗೆಯಲು ನಾಲ್ಕು ದಾರಿ ನೋಡಿದೆ. "ಟಯರ್ ಅಂಗಡಿಗೆ ಕೊಂಡುಹೋಗು, ಎರಡು ನಿಮಿಷದ ಕೆಲಸ" ಅಂದರು ಭಾವ. ರಿಕ್ಷಾದಲ್ಲಿ ಇಟ್ಟುಕೊಂಡು ಹೋದೆ. ಗಾಳಿಯ ರಭಸವೇನೋ ಜೋರು. ಆದರೆ ಕಂಪ್ರೆಸರ್ ಟ್ಯಾಂಕಿನಲ್ಲಿ ನೀರು ಸೇರಿಕೊಳ್ಳುತ್ತದೆ. ಪೈಪಿನಿಂದ ಗಾಳಿಯ ಜೊತೆ ಸಣ್ಣ ಹನಿಗಳೂ ಬಂದು ಮದರ್‌ಬೋರ್ಡಿನ ಮೇಲೆ ಕೂತವು. ಕೂಡಲೇ ನಿಲ್ಲಿಸಿದೆ. ಎರಡು ದಿನ ಬಿಸಿಲು ತಾಗುವ ಕೋಣೆಯಲ್ಲಿಟ್ಟು ಒಣಗಿಸಿದ ಮೇಲೇ ಕರೆಂಟು ಕೊಟ್ಟದ್ದು. ಈ ದಾರಿ ಬೇಡವೇ ಬೇಡ.

ಗಾಳಿ ತುಂಬಿದ ಸ್ಪ್ರೇ ಡಬ್ಬಿ ಸೂಕ್ಷ್ಮ ಜಾಗಕ್ಕೆ ಒಳ್ಳೆಯದು, ಆದರೆ ನಮ್ಮ ಮನೆಯಷ್ಟು ಧೂಳಿಗೆ ಸಾಲದು. ಒಂದೇ ಸಲಕ್ಕೆ ಮುಗಿಯಿತು. ಡಬ್ಬಿಯನ್ನು ಓರೆ ಮಾಡಿದರೆ ತಣ್ಣನೆಯ ದ್ರವ ಚಿಮ್ಮುತ್ತದೆ, ನೆಟ್ಟಗೆ ಹಿಡಿಯಬೇಕು. ಬರಿ ಬ್ರಶ್ಶಿನಿಂದ ಧೂಳು ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಯಿತು, ಅಷ್ಟೇ. ಗೆದ್ದದ್ದು ಕೈಯಲ್ಲಿ ಹಿಡಿಯುವ ಕರೆಂಟಿನ ಬ್ಲೋವರ್, ಜೊತೆಗೆ ಒಂದಿಂಚಿನ ಹೊಸ ಪೇಂಟ್ ಬ್ರಶ್. ಮೊದಲು ಬ್ರಶ್ಶಿನಲ್ಲಿ ಸಡಿಲ ಮಾಡುವುದು, ಆಮೇಲೆ ಅಂಗಳದಲ್ಲಿಟ್ಟು ಮೂಗಿಗೆ ಬಟ್ಟೆ ಕಟ್ಟಿ ಊದುವುದು. ಊದುವಾಗ ಫ್ಯಾನನ್ನು ಬೆರಳಿನಿಂದ ಹಿಡಿದುಕೊಳ್ಳಲೇಬೇಕು. ಸುಮ್ನೆ ಬಿಟ್ಟರೆ ಅದು ಗಿರಗಿರ ತಿರುಗಿ ಬೇರಿಂಗ್ ಹಾಳಾಗುತ್ತದೆ, ಬೋರ್ಡಿಗೂ ಕರೆಂಟು ಹರಿಸಬಹುದು. ಪವರ್ ಸಪ್ಲೈ ಪೆಟ್ಟಿಗೆಯನ್ನು ಮಾತ್ರ ಬಿಚ್ಚಬೇಡಿ. ಪ್ಲಗ್ ತೆಗೆದ ಮೇಲೂ ಅದರ ಕೆಪಾಸಿಟರಿನಲ್ಲಿ ಕರೆಂಟು ಉಳಿದಿರುತ್ತದೆ. ಹೊರಗಿನಿಂದ ಊದಿದರೆ ಸಾಕು.

ಇಷ್ಟಾದ ಮೇಲೆ ಮಾತು ತುಂಡಾಗುವುದು ಪೂರ್ತಿ ನಿಂತಿತು. ಮೊದಲು ರೆಕಾರ್ಡ್ ಮಾಡುವಾಗ ಪ್ರೊಸೆಸರ್ 90 ಡಿಗ್ರಿ ದಾಟುತ್ತಿತ್ತು. ಅಷ್ಟು ಬಿಸಿಯಾದರೆ ಅದು ತಾನಾಗಿಯೇ ವೇಗ ಇಳಿಸಿಕೊಳ್ಳುತ್ತದೆ, ಸ್ವರ ತಪ್ಪಿಹೋಗುತ್ತದೆ. ಈಗ 60ರ ಆಸುಪಾಸು.

ಚಟಚಟಕ್ಕೆ ಕಾರಣ ಜ್ಯಾಕಿನೊಳಗಿನ, ಅಂದರೆ ಟೇಪಿನ ವಯರಿನ ಪಿನ್ ಚುಚ್ಚುವ ತೂತಿನೊಳಗಿನ ಕಿಲುಬು. ಕಿವಿಗೆ ಹಾಕುವ ಹತ್ತಿಕಡ್ಡಿ ತೂರಿಸಿದೆ, ಹತ್ತಿಯ ಎಳೆ ಒಳಗೇ ಉಳಿಯಿತು, ಚಟಚಟ ಜಾಸ್ತಿಯಾಯಿತು. ಆಮೇಲೆ ಕರೆಂಟಿನ ಜೋಡಣೆ ಚೊಕ್ಕ ಮಾಡುವ ಸ್ಪ್ರೇ, ಕಾಂಟ್ಯಾಕ್ಟ್ ಕ್ಲೀನರನ್ನು ಪಿನ್ನಿಗೆ ಒಂಚೂರು ಹೊಡೆದು, ಕಂಪ್ಯೂಟರ್ ಆಫ್ ಇರುವಾಗಲೇ ಹತ್ತು ಹನ್ನೆರಡು ಸಲ ಹಾಕಿ ತೆಗೆದು ತಿರುಗಿಸಿದೆ. ಪಿನ್ನಿನ ಮೇಲೆ ಕಪ್ಪು ಗೆರೆ ಬಂತು, ಸದ್ದು ಹೋಯಿತು. ತುಕ್ಕಿಗೆ ಹೊಡೆಯುವ ಎಣ್ಣೆ ಸ್ಪ್ರೇ ಇದಕ್ಕೆ ಆಗದು, ಜಿಡ್ಡು ಉಳಿದು ಮತ್ತೆ ಧೂಳು ಹಿಡಿಯುತ್ತದೆ.

ಗುಂಯ್ ಸದ್ದೇ ನನ್ನನ್ನು ಹೆಚ್ಚು ಕಾಡಿಸಿದ್ದು. ಮೊದಲು ಸ್ವರ ರೆಕಾರ್ಡ್ ಮಾಡಿ ತಿದ್ದುವ ತಂತ್ರಾಂಶ ಆಡಾಸಿಟಿಯಲ್ಲಿ ಸದ್ದು ತೆಗೆಯುವ ನಾಯ್ಸ್ ರಿಡಕ್ಷನ್ ಹಾಕಿ ನೋಡಿದೆ. ಗುಂಯ್ ಹೋಯಿತು, ಜೊತೆಗೆ ಮದ್ದಳೆಯ ಧೀಂ ಕೂಡ ಹೋಯಿತು! ತಗಡಿನ ಡಬ್ಬ ಬಾರಿಸಿದ ಹಾಗೆ ಕೇಳಿತು. ಕರೆಂಟಿನ 50 ಹರ್ಟ್ಸ್ ಮತ್ತು ಅದರ ಮಡಿಗಳಾದ 100, 150 ಇರುವ ಕಡೆಯೇ ಮದ್ದಳೆಯ ತಗ್ಗಿನ ಸ್ವರವೂ ಇರುತ್ತದಲ್ವಾ, ಒಂದನ್ನು ಕಿತ್ತರೆ ಇನ್ನೊಂದಕ್ಕೂ ಪೆಟ್ಟು. ಹಾಗಾಗಿ ಮೂಲದಲ್ಲೇ ಸರಿಮಾಡಲು ಹೊರಟೆ. ಟೇಪ್ ರೆಕಾರ್ಡರನ್ನು ಬ್ಯಾಟರಿಯಲ್ಲಿ ನಡೆಸಿದೆ. ಗುಂಯ್ ಮುಕ್ಕಾಲು ಪಾಲು ಇಳಿಯಿತು. ಕ್ಯಾಬಿನೆಟ್ ಮುಟ್ಟಿದರೆ ಬೆರಳಿಗೆ ಜುಮ್ ಎನ್ನುತ್ತಿದ್ದದ್ದು ಆಗ ನೆನಪಾಯಿತು. ಎಲೆಕ್ಟ್ರಿಷಿಯನ್ ಬಂದು ನೋಡಿದರೆ ಆ ಸಾಕೆಟ್ಟಿಗೆ ಅರ್ತ್ ವಯರೇ ಜೋಡಿಸಿರಲಿಲ್ಲ. ಜೋಡಿಸಿದ ಮೇಲೆ ಜುಮ್ಮೂ ಇಲ್ಲ, ಗುಂಯ್ಯೂ ಇಲ್ಲವೆನ್ನುವಷ್ಟು ಕಮ್ಮಿ. ಸದ್ದು ಹೋಗಲಿ ಅಂತ ಕೆಲವರು ಪ್ಲಗ್ಗಿನ ಅರ್ತ್ ಪಿನ್ನನ್ನೇ ಕತ್ತರಿಸುತ್ತಾರೆ. ದಯವಿಟ್ಟು ಮಾಡಬೇಡಿ, ಜೀವಕ್ಕೆ ಅಪಾಯ.

ಇನ್ನು ಟೇಪಿನ ವಯರನ್ನು ಎಲ್ಲಿಗೆ ಚುಚ್ಚುವುದು ಎಂಬ ಮಾತು. ಒಂದೇ ಕ್ಯಾಸೆಟ್ಟಿನ ಒಂದೇ ಪದವನ್ನು ನಾಲ್ಕು ಕಡೆ ರೆಕಾರ್ಡ್ ಮಾಡಿ ಕೇಳಿದೆ. ಮುಂದಿನ ಗುಲಾಬಿ ಜ್ಯಾಕ್ ಮೈಕಿನದ್ದು, ಸಣ್ಣ ಸ್ವರವನ್ನು ದೊಡ್ಡದು ಮಾಡುವುದೇ ಅದರ ಕೆಲಸ. ಟೇಪಿನ ಜೋರು ಸ್ವರ ಕೊಟ್ಟರೆ ಚೆಂಡೆ ಬಿದ್ದಾಗೆಲ್ಲ ಒಡೆಯುತ್ತದೆ. ಅದರ ವಯರು ಕ್ಯಾಬಿನೆಟ್ಟಿನೊಳಗೆ ಉದ್ದಕ್ಕೆ ಹಾದುಹೋಗುವ ಕಾರಣ ಮೌಸ್ ಅಲ್ಲಾಡಿಸಿದರೂ ಸಣ್ಣ ಕೀರಲು ಕೇಳುತ್ತದೆ. ಹಿಂದಿನ ನೀಲಿ ಲೈನ್ ಇನ್ ಜ್ಯಾಕ್‌ನಲ್ಲಿ ಒಡಕು ಇಲ್ಲ, ಕೀರಲು ಕಿವಿಗೊಟ್ಟರೆ ಮಾತ್ರ. ಖರ್ಚಿಲ್ಲದೆ ಇಷ್ಟು ಸಿಗುವಾಗ ಮೊದಲು ಇದನ್ನೇ ನೋಡಿ. ಪೆನ್‌ಡ್ರೈವಿನಷ್ಟು ಗಾತ್ರದ ಅಗ್ಗದ ಯುಎಸ್‌ಬಿ ಸೌಂಡ್ ಕಾರ್ಡ್ ಕೊಂಡು ನಾನು ದುಡ್ಡು ಕಳೆದೆ. ಅದರ ಒಳಬರುವ ಜ್ಯಾಕ್ ಮೈಕಿಗೆ ಮಾತ್ರ, ಅದೂ ಮೋನೋ, ಎಡ ಬಲ ಬೇರೆಬೇರೆ ಬರುವುದಿಲ್ಲ. ಕೊನೆಗೆ ಗೆಳೆಯರಿಂದ ಬೆಹ್ರಿಂಗರ್ ಯುಸಿಎ 202 ಎಂಬ, ಹೊರಗಿನಿಂದ ಜೋಡಿಸುವ ಸೌಂಡ್ ಕಾರ್ಡ್ ತಂದೆ. ಕೆಂಪು ಬಿಳಿ ಆರ್‌ಸಿಎ ಜ್ಯಾಕಿಗೆ ಟೇಪಿನ ವಯರು ನೇರ ಹೋಗುತ್ತದೆ, ಯುಎಸ್‌ಬಿಯಿಂದಲೇ ಕರೆಂಟು ಎಳೆದುಕೊಳ್ಳುತ್ತದೆ, 16 ಬಿಟ್ 48 ಕಿಲೋಹರ್ಟ್ಸ್ ಕೊಡುತ್ತದೆ. ಸ್ವರ ಡಿಜಿಟಲ್ ಆಗುವುದು ಕ್ಯಾಬಿನೆಟ್ಟಿನ ಹೊರಗೆ, ಹಾಗಾಗಿ ಕೀರಲು ಇಲ್ಲವೇ ಇಲ್ಲ. ಅರ್ಥಧಾರಿ ಮಾತಿನ ನಡುವೆ ಉಸಿರೆಳೆದುಕೊಳ್ಳುವುದು ಈಗ ಕೇಳುತ್ತದೆ. ನನ್ನ ಮತ ಇದಕ್ಕೇ, ಎರಡನೆಯದು ನೀಲಿ ಜ್ಯಾಕ್.

90 ನಿಮಿಷದ ಕ್ಯಾಸೆಟ್ಟಿಗೆ, ಸ್ವರವನ್ನು ಕುಗ್ಗಿಸದೆ ಇಡುವ ಡಬ್ಲ್ಯೂಎವಿ ಕಡತ ಸುಮಾರು 1 ಜಿಬಿ ಆಗುತ್ತದೆ. ಕ್ಯಾಬಿನೆಟ್ ಈಗ ಒಳಕೋಣೆಯ ಮೇಜಿನ ಮೇಲಿದೆ. ಅಡಿಕೆ ಸುಲಿದು ಮುಗಿದ ವಾರ ಒಂದು ಸಲ, ಮಳೆ ಬಿಟ್ಟ ಮೇಲೆ ಒಂದು ಸಲ ಬ್ಲೋವರ್ ಹಿಡಿಯುತ್ತೇನೆ. 19 ಕ್ಯಾಸೆಟ್ ಆಗಿದೆ, 27 ಬಾಕಿ.