ಜೂಕಿ ಮಷೀನ್ ತಗೊಂಡು ಎಂಟು ತಿಂಗಳು: ಪ್ರೊಡಕ್ಟಿವಿಟಿ ಜಾಸ್ತಿ ಆಯ್ತಾ?

ಮನೇಲೇ ಬ್ಲೌಸ್ ಹೊಲಿಯೋರು ತುಂಬಾ ಜನ ಕೇಳ್ತಿದ್ರು, ಅದಕ್ಕೆ ಬರೀತಿದೀನಿ. ತುಳಿಯೋ ಮಷೀನ್ ಬಿಟ್ಟು ಡೈರೆಕ್ಟ್ ಡ್ರೈವ್ ಮೋಟಾರು (ಬೆಲ್ಟ್ ಇಲ್ದೆ ನೇರ ಮಷೀನಿಗೇ ಸೇರಿರೋದು), ಆಟೋ ಟ್ರಿಮ್ ಅಂದ್ರೆ ದಾರ ತಾನೇ ಕಟ್ ಮಾಡೋದು ಇರೋ ಜೂಕಿ ತಗೊಂಡೆ (ಗಾರ್ಮೆಂಟ್ಸಲ್ಲಿರೋ ಥರದ ಸ್ಪೀಡ್ ಕರೆಂಟ್ ಮಷೀನು, ಕಂಪನಿ ಯಾವುದಾದ್ರೂ ನಾವು ಅನ್ನೋದು ಜೂಕಿ ಅಂತಾನೇ), ಟೇಬಲ್ ಸೇರಿ 28,500 ಆಯ್ತು. ಅಂಗಡಿಯವರು ನಿಮಿಷಕ್ಕೆ 5,000 ಹೊಲಿಗೆ ಮೇಡಂ, ಪ್ರೊಡಕ್ಟಿವಿಟಿ ಡಬಲ್ ಅಂದ್ರು.

ಆ ಪದ ನಂಗೆ ಹೊಸದಲ್ಲ. ಆರು ವರ್ಷ ಗಾರ್ಮೆಂಟ್ಸಲ್ಲಿದ್ದೆ, ಫೆಬ್ರವರಿ 12ರಿಂದ 18 ಉತ್ಪಾದಕತಾ ಸಪ್ತಾಹ ಅಂತ ಬ್ಯಾನರ್ ಕಟ್ಟೋರು, ಆದ್ರೆ ಲೈನಲ್ಲಿ ಅದರರ್ಥ ಗಂಟೆಗೆ ಎಷ್ಟು ಪೀಸ್ ಅಂತ ಅಷ್ಟೇ, ತಪ್ಪಾಗಿ ವಾಪಸ್ ಬಂದ ಆಲ್ಟರ್ ಪೀಸು ಬಿಚ್ಚಿ ಹೊಲಿಯೋಕೆ ಹೋಗೋ ಟೈಮು, ಸಂಜೆಗೆ ಹಿಡ್ಕೊಳ್ಳೋ ಸೊಂಟ ಯಾವ ಲೆಕ್ಕದಲ್ಲೂ ಬರ್ತಿರಲಿಲ್ಲ. ಹಾಕಿದ ಟೈಮು, ದಾರ, ಕರೆಂಟು, ಮೈಕೈ ಎಲ್ಲದಕ್ಕೂ ಎಷ್ಟು ಒಳ್ಳೇ ಬ್ಲೌಸ್ ಕೈಗೆ ಬಂತು, ನನ್ನ ಪ್ರಕಾರ ಪ್ರೊಡಕ್ಟಿವಿಟಿ ಅಂದ್ರೆ ಅದು.

ಹಂಗೆ ನೋಡಿದ್ರೆ ಸ್ಪೀಡಿಂದ ನಂಗೆ ಹೆಚ್ಚೇನೂ ಆಗ್ಲಿಲ್ಲ. ಒಂದು ಲೈನಿಂಗ್ ಬ್ಲೌಸಿಗೆ ಮೂರು ಗಂಟೆ ಅಂದ್ರೆ ಮಷೀನ್ ಮೇಲೆ ಇರೋದು ಒಂದು ಗಂಟೆ, ಉಳಿದಿದ್ದು ಕಟಿಂಗು, ಹುಕ್ಕು, ಹೆಮ್ಮಿಂಗು. ಮೊದಲನೇ ವಾರ ಫುಲ್ ಸ್ಪೀಡಲ್ಲಿ ಹೊಲಿದು ಒಬ್ಬರ ರೇಷ್ಮೆ ಬ್ಲೌಸ್ ತೋಳು ಸುಕ್ಕಾಯ್ತು, ಬಿಚ್ಚಿದ್ರೆ ಸೂಜಿ ತೂತು ಹಂಗೇ ಕಾಣ್ತಿತ್ತು, ನಂಗೆ ಅಳು ಬಂದಿತ್ತು. ಆಮೇಲೆ ಪ್ಯಾನೆಲಲ್ಲಿ ಸ್ಪೀಡ್ ಇಳಿಸಿ ಇಟ್ಟಿದೀನಿ, ರೇಷ್ಮೆಗೆ 11ನೇ ನಂಬರ್ ಸೂಜಿ.

ನಿಜವಾಗ್ಲೂ ಟೈಮ್ ಉಳಿಸಿದ್ದು ಬೇರೆ ಎರಡು. ಪೆಡಲನ್ನ ಹಿಮ್ಮಡಿಯಿಂದ ಹಿಂದಕ್ಕೆ ಒತ್ತಿದ್ರೆ ದಾರ ತಾನೇ ಕಟ್ಟಾಗಿ ಸೂಜಿ ಮೇಲೆ ನಿಲ್ಲುತ್ತೆ, ಕತ್ತರಿ ಹುಡುಕೋ ಕೆಲಸಾನೇ ಇಲ್ಲ. ಇನ್ನೊಂದು, ಬಟ್ಟೆ ಒತ್ತಿ ಹಿಡಿಯೋ ಫುಟ್ಟನ್ನ ಮೊಣಕಾಲಲ್ಲೇ ಎತ್ತಬಹುದು, ಕುತ್ತಿಗೆ ಪೈಪಿಂಗ್ ತಿರುಗಿಸೋವಾಗ ಎರಡೂ ಕೈ ಬಟ್ಟೆ ಮೇಲೇ ಇರುತ್ತೆ, ಅದಕ್ಕೆ ಬಿಚ್ಚೋದು ತುಂಬಾ ಕಮ್ಮಿ ಆಗಿದೆ. ಮೊದಲು ದಿನಕ್ಕೆ ಮೂರು ಆಗ್ತಿತ್ತು, ಈಗ ಅಷ್ಟೇ ಹೊತ್ತಲ್ಲಿ ನಾಲ್ಕು, ಕಾಲುನೋವೂ ಇಲ್ಲ. ಹೊಲೀದೇ ಇರೋವಾಗ ಮೋಟಾರು ತಿರುಗಲ್ಲ, ಮಗು ಪಕ್ಕದಲ್ಲೇ ಮಲಗುತ್ತೆ.

ತೊಂದರೆ ಅಂದ್ರೆ ಟೇಬಲ್ ನಾಲ್ಕು ಅಡಿ ಜಾಗ ತಿನ್ನುತ್ತೆ, ಕರೆಂಟ್ ಹೋದ್ರೆ ಸುಮ್ನೆ ಕೂರ್ಬೇಕು, ಹಳೇ ಮಷೀನ್ ಸೂಜಿ ಇದಕ್ಕೆ ಆಗಲ್ಲ. ಎಣ್ಣೆ ಲೆವೆಲ್ ವಾರಕ್ಕೊಂದ್ಸಲ ನೋಡ್ಲೇಬೇಕು. ಬರೀ ಫಾಲ್ಸ್ ಹಾಕೋರಿಗೆ ಬೇಡ, ವರಮಹಾಲಕ್ಷ್ಮಿ ಸೀಸನ್ನಲ್ಲಿ ಬ್ಲೌಸ್ ರಾಶಿ ಬೀಳೋರು ಖಂಡಿತ ತಗೊಳ್ಳಿ, ಆದ್ರೆ ಆಟೋ ಟ್ರಿಮ್ ಇರೋದನ್ನೇ ಕೇಳಿ.