ಟಿಕಿಂಟರ್‌ನಲ್ಲಿ ಕನ್ನಡ ಅಂಕಿ ಕ್ಯಾಲ್ಕುಲೇಟರ್ ಮಾಡಿದೆ, ನನ್ನ ಅನುಭವ

ಅಪ್ಪಂಗೆ ಮೊದ್ಲಿಂದ್ಲೂ ಲೆಕ್ಕದ ಬುಕ್ಕಲ್ಲಿ ಕನ್ನಡ ಅಂಕಿನೇ ಬರೆಯೋ ಅಭ್ಯಾಸ, ಅವ್ರಿಗೋಸ್ಕರ ಬಟನ್ ಮೇಲೆ ೧ ೨ ೩ ಅಂತಿರೋ ಸಣ್ಣ ಕ್ಯಾಲ್ಕುಲೇಟರ್ ಒಂದನ್ನ ಲ್ಯಾಪ್‌ಟಾಪಿಗೆ ಮಾಡ್ಕೊಡೋಣ ಅಂತ ಪೈಥಾನ್ ಭಾಷೆಲಿ ವಿಂಡೋ, ಬಟನ್ ಮಾಡೋಕಿರೋ ಟಿಕಿಂಟರ್ ಅನ್ನೋ ಲೈಬ್ರರಿ ಹಿಡ್ಕೊಂಡು ಕೂತೆ. ಎರಡು ಭಾನುವಾರದಲ್ಲಿ ಮುಗೀತು. ಮೊದಲ ಸಲ ವಿಂಡೋ, ಬಟನ್ ಇರೋ ಪ್ರೋಗ್ರಾಮ್ ಬರೆಯೋರು ಕಣ್ಮುಚ್ಚಿ ಇದನ್ನೇ ತಗೊಳ್ಳಿ ಅಂತೀನಿ.

ವಿಂಡೋಸಲ್ಲಿ ಪೈಥಾನ್ ಜೊತೇಲೇ ಬರುತ್ತೆ, ಉಬುಂಟುಲಿ ಮಾತ್ರ ಪೈಥಾನ್3-ಟಿಕೆ ಪ್ಯಾಕೇಜ್ ಬೇರೆ ಹಾಕ್ಕೋಬೇಕು. ಬಟನ್ ಜೋಡಿಸೋಕೆ ಗ್ರಿಡ್ ತುಂಬಾ ಸಲೀಸು, ರೋ ಇಷ್ಟು ಕಾಲಮ್ ಇಷ್ಟು ಅಂದ್ರೆ ಅಲ್ಲೇ ಹೋಗಿ ಕೂರುತ್ತೆ, ಉತ್ತರದ ಬಾಕ್ಸಿಗೆ ಕಾಲಮ್‌ಸ್ಪ್ಯಾನ್ 4 ಕೊಟ್ರೆ ಮೇಲಿನ ಸಾಲು ಪೂರ್ತಿ ಅದರದ್ದೇ. ಒಂದೇ ಫ್ರೇಮಲ್ಲಿ ಗ್ರಿಡ್ಡೂ, ಜೋಡಿಸೋ ಇನ್ನೊಂದು ವಿಧಾನವಾದ ಪ್ಯಾಕೂ ಬೆರೆಸ್ಬೇಡಿ, ಎರರ್ ಬರುತ್ತೆ.

ತಲೆ ತಿಂದಿದ್ದು ಲ್ಯಾಂಬ್ಡಾ, ಅಂದ್ರೆ ಒಂದೇ ಸಾಲಲ್ಲಿ ಬರೆಯೋ ಹೆಸರಿಲ್ಲದ ಫಂಕ್ಷನ್. ಫಾರ್ ಲೂಪಲ್ಲಿ ಹತ್ತೂ ಬಟನ್ ಮಾಡಿ, ಒತ್ತಿದಾಗ ಏನಾಗ್ಬೇಕು ಅಂತ ಹೇಳೋ ಕಮಾಂಡಿಗೆ ಲ್ಯಾಂಬ್ಡಾ ಕೊಟ್ಟಿದ್ದೆ, ಯಾವ್ದು ಒತ್ತಿದ್ರೂ ೯ ೯ ೯ ಅಂತಲೇ ಬೀಳ್ತಿತ್ತು. ಯಾಕಂದ್ರೆ ಅದು ಅಂಕಿನ ಆಗ್ಲೇ ಹಿಡಿದಿಟ್ಕೊಳ್ಳಲ್ಲ, ಬಟನ್ ಒತ್ತಿದಾಗ ವೇರಿಯಬಲಲ್ಲಿ ಏನಿದೆ ಅಂತ ನೋಡುತ್ತೆ, ಅಷ್ಟೊತ್ತಿಗೆ ಲೂಪ್ ಮುಗಿದು ಅಲ್ಲಿ ೯ ಉಳಿದಿರುತ್ತೆ. ಲ್ಯಾಂಬ್ಡಾ ಪಕ್ಕ ಎನ್=ಎನ್ (ಎನ್ ಅಂದ್ರೆ ಆ ವೇರಿಯಬಲ್) ಅಂತ ಸೇರಿಸಿದ ಮೇಲೆ ಆಗಿನ ಅಂಕಿನೇ ಹಿಡಿದಿಟ್ಕೊಂಡು ಸರಿಹೋಯ್ತು.

ಆಮೇಲೆ ಒಂದು ವಿಷಯ ನೋಡಿ ನಿಜವಾಗ್ಲೂ ಖುಷಿ ಆಯ್ತು, ಪೈಥಾನಿಗೆ ಕನ್ನಡ ಅಂಕಿ ಅರ್ಥ ಆಗುತ್ತೆ! ಪೂರ್ಣಾಂಕ ಮಾಡೋ ಇಂಟ್ ಒಳಗೆ ಕೋಟ್ಸಲ್ಲಿ ೧೨೫ ಕೊಟ್ರೆ 125 ಅಂತ ತಗೊಳ್ಳುತ್ತೆ, ದಶಮಾಂಶನ ನಿಖರವಾಗಿ ಲೆಕ್ಕ ಹಾಕೋ ಡೆಸಿಮಲ್ಲೂ ಹಾಗೇ. ಬರೆದ ಲೆಕ್ಕನ ಹಾಗೇ ಓಡಿಸೋ ಇವ್ಯಾಲ್ ಮಾತ್ರ ಒಪ್ಪಲ್ಲ, ಸಿಂಟ್ಯಾಕ್ಸ್ ಎರರ್. ಎಷ್ಟೋ ಟ್ಯುಟೋರಿಯಲಲ್ಲಿ ಇವ್ಯಾಲೇ ಹಾಕಿರ್ತಾರೆ, ಅದನ್ನ ಬಿಡೋದೇ ಒಳ್ಳೇದು, ಬಾಕ್ಸಲ್ಲಿ ಟೈಪ್ ಮಾಡಿದ್ದನ್ನೆಲ್ಲ ಕೋಡ್ ಥರ ಓಡಿಸಿಬಿಡುತ್ತೆ. ಪೈಥಾನಿನ ಮಾಮೂಲಿ ದಶಮಾಂಶ ಸಂಖ್ಯೆ ಫ್ಲೋಟೂ ಬೇಡ, 0.1ಕ್ಕೆ 0.2 ಕೂಡಿದ್ರೆ 0.30000000000000004 ಬರುತ್ತೆ, ಪೈಸೆ ಪೈಸೆ ಲೆಕ್ಕ ಇಡೋರಿಗೆ ಅದನ್ನ ತೋರಿಸೋಕಾಗುತ್ತಾ. ಅಂಕಿನ ಸ್ಟ್ರಿಂಗಾಗೇ, ಅಂದ್ರೆ ಕೋಟ್ಸ್ ಒಳಗೆ ಅಕ್ಷರಗಳ ಥರ, ಡೆಸಿಮಲ್ಲಿಗೆ ಕೊಡಿ, ಸರಿಯಾಗಿ 0.3 ಬರುತ್ತೆ. ಉತ್ತರ ವಾಪಸ್ ಕನ್ನಡ ಅಂಕಿಗೆ ತಿರುಗಿಸೋಕೆ ಟ್ರಾನ್ಸ್‌ಲೇಟ್ ಇದೆ, ಒಂದೇ ಸಾಲು.

ಬೇಜಾರು ಅಂದ್ರೆ ನೋಡೋಕೆ ಹಳೇ ಕಾಲದ್ದು ಅನ್ಸುತ್ತೆ, ಅದ್ರಲ್ಲೇ ಇರೋ ಹೊಸ ರೂಪದ ಬಟನ್‌ಗಳ ಟಿಟಿಕೆ ಹಾಕಿದ್ರೆ ಸ್ವಲ್ಪ ಪರವಾಗಿಲ್ಲ. ಸ್ಕೇಲಿಂಗ್ ಜಾಸ್ತಿ ಇಟ್ಟಿರೋ ವಿಂಡೋಸ್ ಸ್ಕ್ರೀನಲ್ಲಿ ಅಕ್ಷರ ಮಸುಕು ಕಾಣುತ್ತೆ, ಅದಕ್ಕೆ ಡಿಪಿಐ (ಸ್ಕ್ರೀನಿನ ಚುಕ್ಕಿ ಎಷ್ಟು ಒತ್ತೊತ್ತಾಗಿವೆ ಅನ್ನೋ ಅಳತೆ) ಸೆಟ್ಟಿಂಗ್ ನಾವೇ ಕೋಡಲ್ಲಿ ಬರೀಬೇಕು.

ಅಪ್ಪ ಮೊದ್ಲು ಹಾಕಿದ್ದು ಹಾಲಿನ ಲೆಕ್ಕ, ೪೪ × ೩೧. ೧೩೬೪ ಬಂತು, ಬುಕ್ಕಲ್ಲಿ ಬರೆದಿದ್ದರ ಜೊತೆ ತಾಳೆ ನೋಡಿ "ಅಂಕಿ ಇನ್ನೊಂಚೂರು ದೊಡ್ಡದು ಮಾಡೋ" ಅಂದ್ರು, ಫಾಂಟ್ 18 ಇದ್ದಿದ್ದನ್ನ 26 ಮಾಡಿ ಕೊಟ್ಟೆ.